ಬಾವಿಗೇ ಬಿದ್ದ ನೀರು

"ಗುರುಗಳೇ, ಮರೆತ ಪಾಠವನ್ನು ಮತ್ತೆ ಕೇಳಿದರೆ ತಪ್ಪೇನು?"

ಕೇಳಿದವನು ಕರಿಬಸವ. ಬುದ್ಧಿವಂತ ಶಿಷ್ಯ, ಆದರೆ ಮೈಗಳ್ಳ. ಆ ವಾರ ಒಂದೇ ಪಾಠವನ್ನು ಐದು ಸಲ ಹೇಳಿಸಿಕೊಂಡಿದ್ದ. ಜೊತೆಯವರು ಆಡಿಕೊಂಡು ನಕ್ಕಿದ್ದು ಅವನಿಗೆ ಚುಚ್ಚಿತ್ತು. "ನಾನು ಮರೆತರೂ ಪಾಠ ಎಲ್ಲಿಗೆ ಹೋಗುತ್ತದೆ? ನಿಮ್ಮಲ್ಲೇ ಇರುತ್ತದೆ. ಬಂದು ಕೇಳಿದರೆ ಸಿಗುತ್ತದೆ. ಇದರಲ್ಲಿ ಯಾರಿಗೆ ಏನು ನಷ್ಟ?" ಎಂದ.

ಎಪ್ಪತ್ತು ದಾಟಿದ ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಕಪಿಲೆಯಿಂದ ನೀರೆತ್ತಿ ತೋಟ ಮಾಡುತ್ತಿದ್ದ. ಎರಡು ಎತ್ತುಗಳು ಹಗ್ಗ ಎಳೆದುಕೊಂಡು ಇಳಿಜಾರಿನಲ್ಲಿ ಇಳಿದರೆ ತೊಗಲಿನ ಚೀಲ ಬಾವಿಯಿಂದ ಮೇಲೆ ಬಂದು ತೊಟ್ಟಿಗೆ ನೀರು ಸುರಿಯುತ್ತಿತ್ತು. ಮತ್ತೆ ಅವು ಹಿಮ್ಮೆಟ್ಟಿ ಏರು ಹತ್ತಬೇಕು, ಚೀಲ ಬಾವಿಗೆ ಇಳಿಯಬೇಕು. ದಿನಕ್ಕೆ ಮೂರು ತೊಟ್ಟಿ ತುಂಬಿದರೆ ತೋಟಕ್ಕೆ ಸಾಕಾಗುತ್ತಿತ್ತು.

ಸಂಕ್ರಾಂತಿಯ ಹೊತ್ತಿಗೆ ಚೀಲದ ಹೊಲಿಗೆ ಒಂದು ಕಡೆ ಬಿಟ್ಟಿತು. ರೈತ ಬಗ್ಗಿ ನೋಡಿದ. ಸೋರಿದ ನೀರೆಲ್ಲ ಬಾವಿಗೇ ಬೀಳುತ್ತಿತ್ತು. ಪಕ್ಕದವನ ಹೊಲಕ್ಕೆ ಹರಿದಿದ್ದರೆ ರೈತನಿಗೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ತನ್ನ ನೀರು ತನ್ನ ಬಾವಿಯಲ್ಲೇ ಇದೆ ಎಂದುಕೊಂಡು ಸುಮ್ಮನಾದ. ಹಗ್ಗ ಹಾಯುವ ಗಾಲಿಯೂ ಎಣ್ಣೆ ಕಾಣದೆ ಕಿರುಗುಟ್ಟುತ್ತಿತ್ತು. ಅದನ್ನೂ ಹಾಗೇ ಬಿಟ್ಟ. ತಾನು ದುಡಿಯುವುದು ಊರಿಗೆಲ್ಲ ಕೇಳಲಿ ಎಂಬ ಆಸೆ ಬೇರೆ ಇತ್ತು.

ಅವನ ಎತ್ತುಗಳಲ್ಲಿ ವಯಸ್ಸಾದದ್ದರ ಹೆಸರು ಮಾಸ. ಕೆಲವು ವಾರಗಳಿಂದ ಅದು ಏರಿನ ನಡುವೆ ನಿಲ್ಲತೊಡಗಿತ್ತು. ಇದಕ್ಕೆ ಸೋಮಾರಿತನ ಹಿಡಿದಿದೆ ಎಂದು ರೈತ ಬಾರುಕೋಲಿನಿಂದ ಬಾರಿಸಿದ. ಮಾಸ ನಡೆಯಿತು. ಮರುದಿನ ಮತ್ತೆ ನಿಂತಿತು, ಮತ್ತೆ ಏಟು ತಿಂದಿತು.

ಯುಗಾದಿಗೆ ಕೆಲವು ದಿನ ಮುಂಚೆ ತೊಗಲು ಹೊಲಿಯುವವನೊಬ್ಬ ಆ ದಾರಿಯಲ್ಲಿ ಬಂದ. ಚೀಲವನ್ನೂ ನೋಡಿದ, ಎತ್ತನ್ನೂ ನೋಡಿದ.

"ಹೊಲಿದು ಕೊಡ್ಲಾ, ಗೌಡ್ರೇ?"

"ಏನ್ ಅವಸರ ಮಾರಾಯ? ಒಂದು ತೊಟ್ಟೂ ಆಚೆ ಹೋಗಿಲ್ಲ. ಬಾವಿ ನೀರು ಬಾವಿಗೇ ಬೀಳ್ತದೆ."

"ನೀರು ಬಾವಿಗೇ ಬೀಳ್ತದೆ, ಸರಿ. ಈ ಎತ್ತು ಸುಮ್ಮನೆ ನಡೆದದ್ದು ಎಷ್ಟು ಅಂತ ಒಂದ್ಸಲ ಎಣಿಸಿ ನೋಡೋಣ, ಬನ್ನಿ."

ರೈತನಿಗೆ ನಗು ಬಂತು, ಆದರೂ ಒಪ್ಪಿದ. ಚೀಲ ಒಂದು ಸಲ ಸುರಿದರೆ ಒಂದು ಕಲ್ಲು ಇಟ್ಟರು. ತೊಟ್ಟಿ ತುಂಬುವಾಗ ಮೂವತ್ತು ಕಲ್ಲಾಗಿತ್ತು. ಆಮೇಲೆ ಹೊಲಿಯುವವನು ಚೀಲ ಹೊಲಿದ, ಗಾಲಿಗೆ ಹರಳೆಣ್ಣೆ ಬಿಟ್ಟ. ರೈತ ಎಲೆ ಅಡಿಕೆ ಹಾಕಿಕೊಂಡು ಎರಡು ಮಾತಾಡುವಷ್ಟರಲ್ಲಿ ಕೆಲಸ ಮುಗಿಯಿತು. ಎರಡನೆಯ ತೊಟ್ಟಿ ಇಪ್ಪತ್ತು ಕಲ್ಲಿಗೇ ತುಂಬಿ ತುಳುಕಿತು.

ರೈತ ಹಿಗ್ಗಿಹೋದ. ತೊಟ್ಟಿಗೆ ಹತ್ತು ಸಲ, ದಿನಕ್ಕೆ ಮೂವತ್ತು ಸಲ ಉಳಿಯಿತು! ಆದರೆ ಎಣಿಕೆ ಒಮ್ಮೆ ಶುರುವಾದ ಮೇಲೆ ಬೇಕಾದಲ್ಲಿ ನಿಲ್ಲುವುದಿಲ್ಲ. ಇನ್ನು ಮುಂದೆ ಉಳಿಯುವುದು ಇಷ್ಟಾದರೆ ಇಲ್ಲಿಯವರೆಗೆ ಹೋದದ್ದೆಷ್ಟು? ಸಂಕ್ರಾಂತಿಯಿಂದ ಎಪ್ಪತ್ತು ದಿನ. ಎರಡು ಸಾವಿರಕ್ಕೂ ಮೇಲಾಯಿತು. ಮೊದಮೊದಲು ಸೋರಿದ್ದು ಕಡಿಮೆ ಇದ್ದೀತು ಎಂದು ಅರ್ಧಕ್ಕೆ ಇಳಿಸಿದ. ಆದರೂ ಸಾವಿರ. ಸಾವಿರ ಸಲ ಆ ಮುದಿ ಎತ್ತು ಇಳಿದು ಏರಿದ್ದು ಬಾವಿಯ ನೀರನ್ನು ಬಾವಿಗೇ ಸುರಿಯಲು. ಅದಕ್ಕೆ ಅವನು ಏಟನ್ನೂ ಕೊಟ್ಟಿದ್ದ. ಅವನ ಬಾಯಿಯ ಎಲೆ ಅಡಿಕೆ ಕಹಿಯಾಯಿತು.

ಅವನು ಇಳಿಜಾರಿನ ಕೆಳಗೆ ಹೋಗಿ ಎತ್ತುಗಳ ಕೊರಳಿನಿಂದ ನೊಗ ಬಿಚ್ಚಿದ. ಜೊತೆಯ ಎತ್ತು ನೇರ ಹುಲ್ಲಿಗೆ ಹೋಯಿತು. ಮಾಸ ಹೋಗಲಿಲ್ಲ. ತೊಟ್ಟಿಗೆ ಮೂವತ್ತು ಸಲ ನಡೆದು ಅದಕ್ಕೆ ರೂಢಿಯಾಗಿತ್ತು. ನೊಗವಿಲ್ಲ, ಹಗ್ಗವಿಲ್ಲ, ಹೊಡೆಯುವವರಿಲ್ಲ. ಆದರೂ ಒಂದೊಂದೇ ಹೆಜ್ಜೆ ಹಿಮ್ಮೆಟ್ಟಿ ಏರು ಹತ್ತಿತು. ಮೇಲೆ ಬಾವಿಯ ಕಟ್ಟೆಯ ಬಳಿ ನಿಂತು ಹಗ್ಗಕ್ಕಾಗಿ ಕಾಯಿತು.

ರೈತ ಓಡಿಹೋಗಿ ಅದರ ಕೊರಳು ತಬ್ಬಿಕೊಂಡ. "ಸಾಕು ಕಣೋ, ಸಾಕು" ಎಂದು ಅತ್ತ. ಎತ್ತಿಗೆ ಆ ಮಾತು ತಿಳಿಯಲಿಲ್ಲ. ಅಲ್ಲೇ ಮಂಡಿಯೂರಿತು.

ಕತೆ ಹೇಳಿ ಗುರುಗಳು ಗೋಡೆಗೆ ಒರಗಿದರು. ಮುಂದಿನ ಮಾತಿಗೆ ಉಸಿರು ಒದಗಲು ಸ್ವಲ್ಪ ಹೊತ್ತು ಬೇಕಾಯಿತು. ಕರಿಬಸವನ ಮನಸ್ಸೆಲ್ಲ ಎತ್ತಿನ ಮೇಲಿತ್ತು. ಅವನು ತಡೆಯಲಾರದೆ ಕೇಳಿದ:

"ಆ ಎತ್ತು ಮತ್ತೆ ಎದ್ದಿತೇ, ಗುರುಗಳೇ?"

ಗುರುಗಳು ಗೋಡೆ ಹಿಡಿದು ನೆಟ್ಟಗೆ ಕುಳಿತು, ಪಾಠದ ತಾಳೆಯೋಲೆ ಕಟ್ಟನ್ನು ಬಿಚ್ಚಿದರು.

"ಹತ್ತಿರ ಬಾ ಮಗೂ, ನಿನ್ನ ಪಾಠವನ್ನು ಆರನೆಯ ಸಲ ಹೇಳುತ್ತೇನೆ."

ಕರಿಬಸವ ಹತ್ತಿರ ಬಂದು, ಆ ಕಟ್ಟನ್ನು ಗುರುಗಳ ಕೈಯಿಂದ ತಾನೇ ತೆಗೆದುಕೊಂಡ.