ಆರು ತಂತಿ, ಒಂದು ಬೆರಳು

ಹೊಳೆದಂಡೆಯ ಆಶ್ರಮವೊಂದರಲ್ಲಿ ಗಿಟಾರ್ ನುಡಿಸುವ ಗುರುಗಳಿದ್ದರು. ಹೆಸರು ತೃಪ್ತಾನಂದರು. ಪೂರ್ವಾಶ್ರಮದಲ್ಲಿ ಅವರು ಆರ್ಕೆಸ್ಟ್ರಾ ಕಲಾವಿದರು. ಕಾವಿ ಉಟ್ಟಾಗ ಎಲ್ಲವನ್ನೂ ಬಿಟ್ಟರು, ಗಿಟಾರ್ ಮಾತ್ರ ಅವರನ್ನು ಬಿಡಲಿಲ್ಲ. ಆಶ್ರಮದ ಹಾರ್ಮೋನಿಯಂನ ತಿದಿಯನ್ನು ಇಲಿ ಕಡಿದ ಮೇಲಂತೂ ಭಜನೆಗೆ ಅದೇ ಗತಿಯಾಯಿತು.

ಅಮಾವಾಸ್ಯೆಯ ಮರುದಿನ ವಿಶ್ವಂಭರ ಹೊಸ ಗಿಟಾರನ್ನು ಬೆನ್ನಿಗೇರಿಸಿಕೊಂಡು ಓಡಿ ಬಂದು ಅವರ ಕಾಲಿಗೆ ಬಿದ್ದ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಯುವಕ.

“ಗುರುಗಳೇ, ಹುಣ್ಣಿಮೆಯೊಳಗೆ ನಂಗೆ ಗಿಟಾರ್ ಬರಬೇಕು.”

“ಅವಸರ ಯಾರಿಗಪ್ಪಾ? ನಿನಗೋ, ಗಿಟಾರಿಗೋ?”

“ಹೆಣ್ಣು ನೋಡೋಕೆ ಹೋಗಿದ್ದೆ. ಹುಡುಗಿ ಹೆಸರು ಮೈಥಿಲಿ. ಹವ್ಯಾಸ ಏನು ಅಂತ ಕೇಳಿದ್ಲು. ನಿದ್ದೆ ಅನ್ನೋಕೆ ನಾಚಿಕೆಯಾಯ್ತು, ಗಿಟಾರ್ ಅಂದ್ಬಿಟ್ಟೆ. ಎಲ್ಲಿ ನುಡಿಸ್ತೀರಿ ಅಂದ್ರು ಅವರಪ್ಪ. ಬಾಯಿಗೆ ಬಂದದ್ದು ಈ ಆಶ್ರಮ. ಹುಣ್ಣಿಮೆ ಭಜನೆಗೆ ಇಬ್ರೂ ಬರ್ತಾರಂತೆ.”

“ಹುಡುಗಿ ಇಷ್ಟವಾದಳೇನು?”

ವಿಶ್ವಂಭರ ಕಿವಿಯವರೆಗೂ ಕೆಂಪಾದ. ಇಷ್ಟವೆಂದರೆ ಸಾಮಾನ್ಯ ಇಷ್ಟವಲ್ಲ. ಅವಳನ್ನು ನೋಡಿ ಬಂದಾಗಿನಿಂದ ಅವನ ಆ ಒಂದೇ ಒಂದು ಹವ್ಯಾಸವೂ ಕೈಬಿಟ್ಟಿತ್ತು.

“ಸುಳ್ಳು ಗೊತ್ತಾದ್ರೆ ಈ ಸಂಬಂಧ ಕೂಡಿಬರೋದಿಲ್ಲ, ಗುರುಗಳೇ.”

“ಕೂತುಕೋ,” ಎಂದರು ಗುರುಗಳು.

ಭಜನೆಗೆ ಬೇಕಾದದ್ದು ಮೂರೇ ಕಾರ್ಡ್. ಕಾರ್ಡ್ ಎಂದರೆ ಬೆರಳುಗಳಿಂದ ತಂತಿಗಳನ್ನು ಹಿಡಿದು ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಸಿ ಬಂತು. ಜಿ ಕೂಡ ಬಂತು. ಎಫ್ ಬರಲಿಲ್ಲ.

ಎಫ್‌ಗೆ ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿಗಳನ್ನು ಒಂದೇ ಸಲ ಒತ್ತಬೇಕು. ಉಳಿದ ಬೆರಳುಗಳಿಗೆ ಬೇರೆ ಕೆಲಸ. ವಿಶ್ವಂಭರ ಹಲ್ಲು ಕಚ್ಚಿ ಒತ್ತಿದ. ಗಿಟಾರಿನಿಂದ ‘ಠಪ್’ ಎಂಬ ಸದ್ದು ಬಂತು. ಇನ್ನೂ ಜೋರಾಗಿ ಒತ್ತಿದ. ಇನ್ನೂ ಜೋರಾಗಿ ಠಪ್ ಎಂದಿತು.

“ಗುರುಗಳೇ, ಇದಕ್ಕೇನಾದ್ರೂ ಮಂತ್ರ ಇದೆಯಾ?”

“ಇದೆ. ದೊಡ್ಡ ಎಫ್ ಬಾರದವರಿಗೆ ಸಣ್ಣ ಎಫ್.”

ಗುರುಗಳು ಹಿಡಿದು ತೋರಿಸಿದರು. ತೋರುಬೆರಳಿನ ತುದಿಯಲ್ಲಿ ಕೆಳಗಿನ ಎರಡೇ ತಂತಿ ಒತ್ತಿದರು, ಅದರ ಮೇಲಿನ ಎರಡಕ್ಕೆ ಇನ್ನೆರಡು ಬೆರಳು. ದಪ್ಪ ತಂತಿಗಳೆರಡರ ತಂಟೆಗೇ ಹೋಗಲಿಲ್ಲ. ಸ್ವರ ನೀರಿನ ಮೇಲೆ ತೇಲಿಹೋಯಿತು.

ವಿಶ್ವಂಭರನ ಮುಖ ಸಪ್ಪಗಾಯಿತು. “ಇದು ಮಕ್ಕಳಾಟ, ಗುರುಗಳೇ. ಅವಳು ಅರ್ಧ ಎಫ್ ಹಿಡಿಯೋ ಗಂಡು ಅಂದ್ಕೊಂಡ್ರೆ?”

“ಹಾಗಾದರೆ ಇದನ್ನು ತಗೋ.” ಗುರುಗಳು ಪೆಟ್ಟಿಗೆಯಿಂದ ಕ್ಯಾಪೊ ತೆಗೆದುಕೊಟ್ಟರು. ಗಿಟಾರಿನ ಕತ್ತಿಗೆ ಸಿಕ್ಕಿಸುವ ದಪ್ಪ ಕ್ಲಿಪ್ಪು ಅದು. “ಆರೂ ತಂತಿಯನ್ನ ಇದೇ ಒತ್ತಿ ಹಿಡಿಯುತ್ತೆ. ಎಫ್ ಬರೋ ಕಡೆ ನೀನು ಸಿ ಹಿಡಿದರೆ ಸಾಕು, ಕೇಳೋರಿಗೆ ಎಫ್ ಆಗಿಯೇ ಕೇಳುತ್ತೆ.”

“ಬೆರಳಿರೋ ಗಂಡಸಿಗೆ ಕ್ಲಿಪ್ಪು ಯಾಕೆ? ಬಟ್ಟೆ ಒಣಹಾಕೋಕೆ ಸರಿ!”

“ಅದೂ ಸರಿ,” ಎಂದು ಗುರುಗಳು ಎದ್ದು ಹೋದರು. ಹೊಳೆಗಾಳಿಗೆ ಹಾರಾಡುತ್ತಿದ್ದ ತಮ್ಮ ಕೌಪೀನಕ್ಕೆ ಆ ಕ್ಯಾಪೊ ಸಿಕ್ಕಿಸಿ ಬಂದರು. ಕೌಪೀನ ಸುಮ್ಮನಾಯಿತು.

ವಿಶ್ವಂಭರ ಸುಮ್ಮನಾಗಲಿಲ್ಲ. ಬೆರಳಿಗೆ ಬಲ ಬರಲೆಂದು ಕಂಡಕಂಡದ್ದನ್ನೆಲ್ಲ ಒತ್ತತೊಡಗಿದ. ಬಸ್ಸಿನ ಕಂಬಿ ಒತ್ತಿದ, ರುಬ್ಬುಗುಂಡು ಒತ್ತಿದ. ಅಂಗಡಿಯಲ್ಲಿ ಗಿರಾಕಿಗಳ ಕನ್ನಡಕದ ಕಡ್ಡಿಗಳನ್ನು ಒತ್ತಿ ಒತ್ತಿ ಮುರಿದ. ಬೆರಳು ಬದನೆಕಾಯಿಯಂತೆ ಊದಿಕೊಂಡಿತು.

“ಗುರುಗಳೇ, ಹಾಡೋ ಶ್ರುತಿಯನ್ನೇ ಬದಲಾಯಿಸಿದ್ರೆ? ಎಫ್ ಬರದ ಹಾಗೆ?”

“ಗಿಟಾರಿನ ಕಿವಿ ಹಿಂಡಬಹುದು. ಅಚ್ಚಮ್ಮನ ಗಂಟಲು ಯಾರು ತಿರುಗಿಸ್ತಾರೆ?”

ಅಚ್ಚಮ್ಮ ಆಶ್ರಮದ ಅಡುಗೆಯವಳು. ಭಜನೆ ಎತ್ತಿಕೊಡುವವಳೂ ಅವಳೇ. ಅವಳು ಎತ್ತಿದ ಶ್ರುತಿಯೇ ಶ್ರುತಿ, ದೇವರೂ ಅದಕ್ಕೇ ಹೊಂದಿಕೊಂಡಿದ್ದ.

“ನೀವು ನುಡಿಸೋದು ದೊಡ್ಡ ಎಫ್ ತಾನೇ?” ವಿಶ್ವಂಭರ ಕೊನೆಗೆ ಕೇಳಿದ.

“ಆರ್ಕೆಸ್ಟ್ರಾದಲ್ಲಿದ್ದಾಗ ದೊಡ್ಡದೇ. ಮಿಣುಗುವ ಕೋಟಿತ್ತು, ಜನ ನನ್ನ ಬೆರಳನ್ನೇ ನೋಡ್ತಿದ್ದರು.”

“ಈಗ?”

“ಈಗ ಎಲ್ಲರೂ ಕಣ್ಣು ಮುಚ್ಚಿರ್ತಾರೆ.”

ಹುಣ್ಣಿಮೆ ಬಂತು. ಮೈಥಿಲಿಯೂ ಅವಳಪ್ಪನೂ ಮುಂದಿನ ಸಾಲಿನಲ್ಲೇ ಕೂತರು. ಮೈಥಿಲಿ ಕಣ್ಣು ಮುಚ್ಚಲಿಲ್ಲ. ಗಿಟಾರ್ ಹಿಡಿದ ವಿಶ್ವಂಭರನ ಪಕ್ಕದಲ್ಲಿ ಗುರುಗಳು ತಾಳ ಹಿಡಿದು ಕೂತರು. ಅಚ್ಚಮ್ಮ ಎತ್ತಿಕೊಟ್ಟಳು.

ಸಿ ಚೆನ್ನಾಗಿ ಬಂತು. ವಿಶ್ವಂಭರ ಉಸಿರು ಬಿಗಿಹಿಡಿದು ದೊಡ್ಡ ಎಫ್‌ಗೆ ಬೆರಳು ಚಾಚಿದ.

ಠಪ್.

ಅಚ್ಚಮ್ಮ ಒಂದು ಹುಬ್ಬು ಏರಿಸಿದಳು. ಮುಂದಿನ ಸಾಲು ಬಂತು. ಠಪ್. ಎರಡನೇ ಹುಬ್ಬೂ ಏರಿತು. ಜನ ಅದನ್ನು ತಾಳವೆಂದೇ ತಿಳಿದು ಆ ಜಾಗದಲ್ಲಿ ತೊಡೆ ತಟ್ಟತೊಡಗಿದರು. ಮೈಥಿಲಿಯ ಅಪ್ಪ ‘ಭೇಷ್’ ಎಂದು ತಲೆದೂಗಿದ. ಮೈಥಿಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು.

ವಿಶ್ವಂಭರನಿಗೆ ಅಲ್ಲಿಂದೆದ್ದು ಹೊಳೆಗೆ ಹಾರಬೇಕೆನಿಸಿತು. ಅಷ್ಟರಲ್ಲಿ ಮತ್ತೆ ಎಫ್‌ನ ಜಾಗ ಬಂತು. ಮಾನ ಹೇಗೂ ಹೋಯಿತು, ಸದ್ದಾದರೂ ಬರಲಿ ಎಂದುಕೊಂಡು ಅವನು ಸಣ್ಣದನ್ನು ಹಿಡಿದ.

ಸ್ವರ ಬಂತು. ಅಚ್ಚಮ್ಮನ ಹುಬ್ಬುಗಳು ಇಳಿದವು. ಭಜನೆ ಮುಗಿಯುವವರೆಗೂ ಅವನು ದೊಡ್ಡದರ ಹತ್ತಿರ ಸುಳಿಯಲಿಲ್ಲ.

ಕೋಸಂಬರಿ ಹಂಚುವಾಗ ಮೈಥಿಲಿ ಅವನ ಬಳಿ ಬಂದಳು. “ಮೊದಲು ಠಪ್ ಠಪ್ ಅಂತಿತ್ತಲ್ಲ, ಏನದು?”

ಇಲ್ಲೂ ಒಂದು ಸುಳ್ಳಿಗೆ ಜಾಗವಿತ್ತು. ಅವಳಪ್ಪನಂತೂ ಅದನ್ನು ತಾಳವೆಂದು ಒಪ್ಪಿಯಾಗಿತ್ತು.

“ಅದು ನಂಗೆ ಬರೋದಿಲ್ಲ,” ಎಂದ ವಿಶ್ವಂಭರ. “ಗಿಟಾರೇ ಬರೋದಿಲ್ಲ. ನಿಮ್ಮನ್ನ ನೋಡಿ ಬಂದ ಮೇಲೆ ಕಲಿಯೋಕೆ ಶುರುಮಾಡಿದ್ದು. ಅವತ್ತು ಹೇಳಿದ್ದು ಸುಳ್ಳು.”

ಮೈಥಿಲಿ ಕೋಸಂಬರಿಯನ್ನು ನಿಧಾನವಾಗಿ ಅಗಿದಳು.

“ಬರಲ್ಲ ಅಂತ ಮೊದಲನೇ ಠಪ್‌ಗೇ ಗೊತ್ತಾಯ್ತು,” ಎಂದಳು. “ನಾನು ನಿಮ್ಮ ಮುಖ ನೋಡ್ತಿದ್ದೆ. ಮೊದಮೊದಲು ಹಲ್ಲುನೋವು ಬಂದವರ ಥರ ಇತ್ತು. ಆಮೇಲೆ ಅದೇನು ಮಾಡಿದ್ರೋ, ಮನುಷ್ಯರ ಮುಖ ಆಯ್ತು. ಆ ಮುಖವಾದ್ರೆ ನಂಗೆ ಒಪ್ಪಿಗೆ.”

“ಮತ್ತೆ ಆ ಸುಳ್ಳು?”

“ಅದಕ್ಕೆ ಇವತ್ತು ಎಲ್ಲರೆದುರಿಗೆ ಸಾಕಷ್ಟು ಅನುಭವಿಸಿದ್ರಿ. ಅಪ್ಪಂಗೆ ಮಾತ್ರ ಹೇಳ್ಬೇಡಿ, ತೊಡೆ ತಟ್ಟಿ ತಟ್ಟಿ ಖುಷಿಯಾಗಿದ್ದಾರೆ.”

ಮರುದಿನ ಬೆಳಿಗ್ಗೆ ಗುರುಗಳು ಸ್ನಾನ ಮುಗಿಸಿ ಬರುವಾಗ ವಿಶ್ವಂಭರ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ. ತೊಡೆಯ ಮೇಲೆ ಗಿಟಾರಿತ್ತು.

“ಒಪ್ಪಿದ್ಲು, ಗುರುಗಳೇ! ಅವರಪ್ಪನೂ ಒಪ್ಪಿದ್ರು!” ಅವನ ಕಣ್ಣಲ್ಲಿ ನೀರಿತ್ತು.

“ಸಂತೋಷ. ಮತ್ತೆ ಇದೇನು ಬೆಳಿಗ್ಗೆ ಬೆಳಿಗ್ಗೆ?”

“ಮದುವೆಯೊಳಗೆ ದೊಡ್ಡ ಎಫ್ ಕಲಿತೇ ಕಲೀತೀನಿ.” ಹಲ್ಲು ಕಚ್ಚಿ ಒತ್ತಿದ. ಬೆರಳು ಬಿಳಿಚಿಕೊಂಡಿತು.

ಠಪ್.

ಗುರುಗಳು ಬಗ್ಗಿ ಆ ಬೆರಳನ್ನು ಕನಿಕರದಿಂದ ನೋಡಿದರು.

“ಹುಡುಗಿ ಒಪ್ಪಿದ ಸುದ್ದಿ ಪಾಪ, ಇದಕ್ಕಿನ್ನೂ ಮುಟ್ಟಿಲ್ಲ. ಮೊದಲು ಇದಕ್ಕೆ ತಿಳಿಸಪ್ಪಾ.”