ಬೈಕು ಆರಿಸಿಕೊಂಡ ಸೈಲೆನ್ಸರ್

ಗುಡ್ಡದ ಊರಿನ ಗ್ಯಾರೇಜಿನಲ್ಲಿ ಒಂದು ಬೈಕು ಹೊಸ ಸೈಲೆನ್ಸರ್ ಹಾಕಿಸಿಕೊಳ್ಳಲು ನಿಂತಿತ್ತು. ಹಳೆಯದು ತುಕ್ಕು ಹಿಡಿದು ತೂತು ಬಿದ್ದಿತ್ತು. ಗೋಡೆಯ ಮೇಲೆ ಎರಡು ಸೈಲೆನ್ಸರ್‌ಗಳು ತೂಗುತ್ತಿದ್ದವು. ಒಂದು ಥಳಥಳ ಹೊಳೆಯುತ್ತಿತ್ತು, ಇನ್ನೊಂದು ಬರೀ ಕಪ್ಪು.

“ನಿನ್ನಿಂದ ನನಗೇನು ಸಿಗುತ್ತದೆ?” ಎಂದು ಬೈಕು ಹೊಳೆಯುವುದನ್ನು ಕೇಳಿತು.

“ನೀನು ಹೊರಟರೆ ಸಾಕು, ಇಡೀ ಬೀದಿ ತಿರುಗಿ ನೋಡುತ್ತದೆ.”

“ನೋಡಿ ಏನು ಮಾಡುತ್ತದೆ?”

“ನೋಡುತ್ತದೆ. ಅಷ್ಟು ಸಾಲದೇ?”

ಬೈಕು ಕಪ್ಪನೆಯದನ್ನು ಕೇಳಿತು, “ನಿನ್ನಿಂದ?”

“ನಿನ್ನ ಹೊಗೆಯನ್ನು ಸದ್ದು ಮಾಡದೆ ಹೊರಗೆ ಕಳಿಸುತ್ತೇನೆ. ನನಗೆ ಗೊತ್ತಿರುವುದು ಅದೊಂದೇ.”

ಬೀದಿಯೆಲ್ಲ ತನ್ನನ್ನು ನೋಡಿದರೆ ಹೇಗಿರುತ್ತದೋ ಎಂದು ಬೈಕಿಗೆ ಕುತೂಹಲ. ಹೊಳೆಯುವುದನ್ನೇ ತೊಟ್ಟು ಗುಡುಗಿನಂತೆ ಸದ್ದು ಮಾಡುತ್ತಾ ಹೊರಟಿತು. ಅಂಗಡಿಯವರು, ದಾರಿಹೋಕರು ಎಲ್ಲರೂ ತಿರುಗಿ ನೋಡಿದರು. ಬೈಕು ಉಬ್ಬಿಹೋಗಿ ಇನ್ನಷ್ಟು ಅಬ್ಬರಿಸಿತು. ಗುಡ್ಡದ ತಿರುವಿಗೆ ಬರುವಷ್ಟರಲ್ಲಿ ಎದುರಿಗೊಂದು ಬಸ್ಸು ನುಗ್ಗಿತು. ಬೈಕು ಚರಂಡಿಗೆ ಹಾರಿ ಜೀವ ಉಳಿಸಿಕೊಂಡಿತು.

“ಬಸ್ಸಣ್ಣ, ಒಂದು ಹಾರ್ನ್ ಹೊಡೆಯಬಾರದಿತ್ತೇ?” ಎಂದು ಏದುಸಿರು ಬಿಡುತ್ತಾ ಕೇಳಿತು.

“ದಾರಿಯುದ್ದಕ್ಕೂ ಹೊಡೆದುಕೊಂಡೇ ಬಂದೆನಲ್ಲ ತಮ್ಮಾ!” ಎಂದಿತು ಬಸ್ಸು.

ಬೈಕು ಚರಂಡಿಯಿಂದ ಮೇಲೆ ಹತ್ತಿತು. ಆಮೇಲೆ ಕುಂಟುತ್ತಾ ಗ್ಯಾರೇಜಿಗೆ ಮರಳಿ ಕಪ್ಪನೆಯದನ್ನು ಹಾಕಿಸಿಕೊಂಡಿತು.

ಮರುದಿನ ಬೀದಿಯಲ್ಲಿ ಯಾರೂ ಅದರ ಕಡೆ ಕತ್ತೆತ್ತಿ ನೋಡಲಿಲ್ಲ. ಆದರೆ ತಿರುವು ಇನ್ನೂ ದೂರವಿರುವಾಗಲೇ ಅದರಾಚೆಯಿಂದ ಕುರಿಗಳ ಕೊರಳಗಂಟೆ ಕೇಳಿಸಿತು. ಬೈಕು ಪಕ್ಕಕ್ಕೆ ಸರಿದು ನಿಂತಿತು. ಪುಟ್ಟ ಮರಿಗಳೆಲ್ಲ ಹೆದರದೆ ರಸ್ತೆ ದಾಟಿದವು.