ನೂರನೆಯ ಚಿತ್ರ

ಕಾನ್ವೆಂಟ್ ಶಾಲೆಯ ಡ್ರಾಯಿಂಗ್ ಕೋಣೆಯಲ್ಲಿ ಏಳನೇ ತರಗತಿಯ ಜೊವಿಟಾ ಚಿತ್ರ ಬಿಡಿಸುತ್ತಿದ್ದಳು. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡಾಗ ಅದನ್ನೇ ಹುಡುಕಿ, ಹೆಗಲ ಮೇಲೆ ಹೊತ್ತು ತಂದ ಬೈಬಲ್ಲಿನ ಕುರಿಗಾಹಿಯ ಚಿತ್ರ ಅದು. ಕುರಿಗಾಹಿ ಚೆನ್ನಾಗಿಯೇ ಬಂದಿದ್ದ. ಕುರಿಯ ಹಿಂಗಾಲು ಮಾತ್ರ ಐದು ಸಲ ಬರೆದು ಅಳಿಸಿದರೂ ಮೇಜಿನ ಕಾಲಿನಂತೆಯೇ ಬರುತ್ತಿತ್ತು. ಜೊವಿಟಾ ನೀರು ಕುಡಿಯಲು ಎದ್ದುಹೋದಳು.

ರಬ್ಬರು ಪೆನ್ಸಿಲ್ಲಿಗೆ ಹೇಳಿತು: "ಇನ್ನು ಸಾಕು ಮಾಡು. ಮತ್ತೊಮ್ಮೆ ಉಜ್ಜಿದರೆ ಕಾಗದ ಹರಿಯುತ್ತದೆ. ನೀನೂ ಸವೆದು ಅರ್ಧ ಬೆರಳುದ್ದ ಆಗಿದ್ದೀಯ."

"ಕಾಲು ಇನ್ನೂ ಸಿಕ್ಕಿಲ್ಲ," ಎಂದಿತು ಪೆನ್ಸಿಲ್.

"ಸಿಗದಿದ್ದರೆ ಏನು ಮುಳುಗಿಹೋಯಿತು? ನಾಳೆ ಪ್ರದರ್ಶನ. ಸಭಾಂಗಣದ ಗೋಡೆ ತುಂಬ ಮಕ್ಕಳ ಚಿತ್ರಗಳಿವೆ. ಇದೊಂದು ಇಲ್ಲವೆಂದು ಯಾರೂ ಅಳುವುದಿಲ್ಲ."

"ಎಷ್ಟಿವೆ?"

"ಬೆಳಿಗ್ಗೆ ಸಿಸ್ಟರ್ ಎಣಿಸಿದರಲ್ಲ, ತೊಂಬತ್ತೊಂಬತ್ತು."

ಪೆನ್ಸಿಲ್ ಉರುಳಿಕೊಂಡು ಬಂದು ಕುರಿಯ ಪಕ್ಕದಲ್ಲಿ ನಿಂತಿತು. "ತೊಂಬತ್ತೊಂಬತ್ತು ಎಂದು ಎಣಿಸಿದ ಮೇಲೆಯೇ ಈ ಕುರಿಗಾಹಿ ಹುಡುಕಲು ಹೊರಟದ್ದು."

ಜೊವಿಟಾ ಹಿಂದಿರುಗಿದಳು. ಬೆರಳಿಗೆ ಸಿಗದಷ್ಟು ಗಿಡ್ಡವಾಗಿದ್ದ ಪೆನ್ಸಿಲ್ಲನ್ನು ಹಳೆಯ ಪೆನ್ನಿನ ಮುಚ್ಚಳಕ್ಕೆ ಸಿಕ್ಕಿಸಿ, ಆರನೆಯ ಸಲ ಕಾಲು ಬರೆದಳು. ಅದೂ ಡೊಂಕಾಯಿತು.

ಈ ಸಲ ರಬ್ಬರು ತಾನಾಗಿಯೇ ಮುಂದೆ ಬಂತು. "ಕಾಗದ ಹರಿಯದ ಹಾಗೆ ಮೆಲ್ಲಗೆ ಉಜ್ಜುತ್ತೇನೆ," ಎಂದಿತು. "ನೀನು ಹುಡುಕು."